ಖಂಡೇ ಪೂಜೆಗೆ ಕೂತ ಲೆನಿನ್

ಮಸ್ಕತ್ತಿನ ಉತ್ತರ ಕರ್ನಾಟಕದವರಲ್ಲಿ ಚನ್ನಪ್ಪ ಎಂಬ ಹೆಸರಿನವರು ಇನ್ನೂ ಒಂದಿಬ್ಬರು ಇದ್ದುದರಿಂದ, ಸೀಬಿನಲ್ಲಿ ಇಂಡಿಯನ್ ಸ್ಕೂಲಿನ ಹಿಂದಿನ ಬಿಲ್ಡಿಂಗಿನಲ್ಲಿದ್ದ ಚನ್ನಪ್ಪನನ್ನು ಜನ ರಷ್ಯಾ ಚನ್ನಪ್ಪ ಎನ್ನುತ್ತಿದ್ದರು. ಆತನಿಗೆ ಅದು ಬೇಸರದ ಮಾತೇನಲ್ಲ. ಯಾರಾದರೂ ಮರೆತು ಬರೀ ಚನ್ನಪ್ಪ ಎಂದರೆ, ಮಾತಿನ ನಡುವೆ ‘ನಾವು ರಷ್ಯಾದಾಗ ಇದ್ದಾಗ’ ಎಂದು ಸೇರಿಸಿ ತಾನೇ ನೆನಪು ಮಾಡಿಕೊಡುತ್ತಿದ್ದ. ಓದಿದ್ದು ಖಾರ್ಕಿವ್ ಎಂಬ ಊರಿನಲ್ಲಿ. ಆ ಊರು ಉಕ್ರೇನಿನಲ್ಲಿದೆ, ಅದರ ಮೇಲೆ ಈಗ ಬಾಂಬು ಬೀಳುತ್ತಿದೆ ಎಂದು ಎದುರು ಫ್ಲ್ಯಾಟಿನ ಬಸವಕುಮಾರ ಆಗಾಗ ಕೆಣಕುತ್ತಿದ್ದ. ಚನ್ನಪ್ಪ ‘ಅದೆಲ್ಲಾ ಪಶ್ಚಿಮದವರ ಕಿತಾಪತಿ, ನಿನಗ ತಿಳಿಯಂಗಿಲ್ಲ’ ಎಂದು ಗಿರ್ಮಿಟ್ಟಿನ ತಟ್ಟೆಯನ್ನು ಅವನ ಮುಂದೆ ಸರಿಸುತ್ತಿದ್ದ. ಗಿರ್ಮಿಟ್ಟು ಹೆಂಡತಿ ಹೊನ್ನವ್ವ ಮಾಡಿದ್ದು, ಬಲು ರುಚಿ. ಹೀಗಾಗಿ ಪ್ರತಿ ಶುಕ್ರವಾರ ಸಂಜೆ ಆ ಮನೆಯಲ್ಲಿ ರಷ್ಯಾ ಗೆಲ್ಲುತ್ತಿತ್ತು.

ಒಮ್ಮೆ ಬಸವಕುಮಾರ ಫೋನಿಗೆ ಒಂದು ವಿಡಿಯೋ ಕಳಿಸಿದ್ದ. ಖಾರ್ಕಿವ್‌ನ ಒಂದು ಕಟ್ಟಡ, ಸೂರು ಹಾರಿಹೋಗಿದೆ, ಕಿಟಕಿಗಳಿಂದ ಹೊಗೆ. ಮೂರನೆಯ ಮಹಡಿಯ ಎಡಗಡೆಯ ಕಿಟಕಿ ಕಾಣುತ್ತಲೇ ಚನ್ನಪ್ಪ ವಿಡಿಯೋ ನಿಲ್ಲಿಸಿದ. ಬದುಕಿನಲ್ಲಿ ಮೊದಲ ಸಲ ಹಿಮ ಬೀಳುವುದನ್ನು ಆತ ನೋಡಿದ್ದು ಆ ಕಿಟಕಿಯಿಂದ. ಸೋವಿಯತ್ತಿನ ಹಾಸ್ಟೆಲುಗಳೆಲ್ಲ ಒಂದೇ ಅಚ್ಚಿನವು, ಇದು ಬೇರೆ ಯಾವುದೋ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ವಿಡಿಯೋವನ್ನು ಅಳಿಸಲೂ ಇಲ್ಲ, ಮತ್ತೆ ನೋಡಲೂ ಇಲ್ಲ.

ಹಾಲಿನ ಷೋಕೇಸಿನಲ್ಲಿ, ಮಗಳು ಮಾಧುರಿಯ ಬಹುಮಾನದ ಕಪ್ಪುಗಳ ನಡುವೆ ಒಬ್ಬ ಲೆನಿನ್ ಇದ್ದ. ಬೀಡುಕಬ್ಬಿಣದ್ದು, ತಂಬಿಗೆಯಷ್ಟು ಎತ್ತರ, ಕಾಲ ಮೇಲೆ ಬಿದ್ದರೆ ಬೆರಳು ಹೋಗುವಷ್ಟು ಭಾರ. ಖಾರ್ಕಿವ್ ಬಿಡುವ ದಿನ, ಚನ್ನಪ್ಪನಿಗೆ ಭಾಷೆ ಕಲಿಸಿದ ಡೀನಾ ಪೆತ್ರೋವ್ನಾ ಎಂಬ ಮುದುಕಿ ಅದನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟಿದ್ದಳು. ‘ಇಲ್ಲಿ ಇನ್ನು ಇವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನೀನಾದರೂ ಇಟ್ಟುಕೋ’ ಎಂದಿದ್ದಳು. ಚನ್ನಪ್ಪ ಇಟ್ಟುಕೊಂಡ. ಮನೆಗೆ ಬಂದವರೆಲ್ಲರಿಗೂ ತೋರಿಸಿದ. ಊಟಕ್ಕೆ ಬಂದ ಅರ್ಬಾಬ್ ಹಮೂದರನ್ನೂ ಬಿಡಲಿಲ್ಲ. ಇವರು ಯಾರು ಎಂದು ಅವರು ಕೇಳಿದ್ದೇ ತಪ್ಪಾಗಿ, ಊಟ ಆರುವವರೆಗೆ ಕ್ರಾಂತಿಯ ಕಥೆ ಕೇಳಬೇಕಾಯಿತು. ಅರ್ಬಾಬ್ ಎಂದರೆ ಚನ್ನಪ್ಪನ ಯಜಮಾನರು, ಕಫೀಲ್. ಸುವೈಕಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ, ಅಲ್ ಖುವೈರಿನಲ್ಲಿ ಆಫೀಸು. ಗಿರಣಿಯ ಇಂಜಿನಿಯರ್ ಚನ್ನಪ್ಪ.

ಆ ಮನೆಯಲ್ಲಿ ಇಲ್ಲದ್ದು ಒಂದೇ, ಹೊನ್ನವ್ವನ ಅಪ್ಪನ ಫೋಟೋ. ಅದಕ್ಕೂ ಒಂದು ಕಥೆಯಿದೆ. ಚನ್ನಪ್ಪ ಧಾರವಾಡದಲ್ಲಿ ಕಾಲೇಜು ಓದುವಾಗ ಕೆಂಪು ಬಾವುಟ ಹಿಡಿದು ಡೀಸಿ ಕಚೇರಿಗೆ ನುಗ್ಗಿದ ಹುಡುಗರಲ್ಲಿ ಒಬ್ಬ. ಅಂದು ಬೆನ್ನ ಮೇಲೆ ಬಿದ್ದ ಲಾಠಿ ಏಟು ಆತನಿಗೆ ಪಾರ್ಟಿಯಲ್ಲಿ ಹೆಸರು ತಂದಿತು, ಹೆಸರು ಸೋವಿಯತ್ತಿನ ವಿದ್ಯಾರ್ಥಿವೇತನ ತಂದಿತು. ಓದು ಮುಗಿಸಿ ಬಂದ ಮೇಲೆ ಹೆಣ್ಣು ನೋಡಲು ಹೋದರೆ, ಹೆಣ್ಣಿನ ತಂದೆ ಎಂದು ಎದುರಿಗೆ ಬಂದು ಕೂತವನು ಆ ಲಾಠಿ ಹಿಡಿದಿದ್ದ ಸಂಕಪ್ಪ ಜಮಾದಾರ. ಚನ್ನಪ್ಪ ಎದ್ದು ಹೋಗಬೇಕಿತ್ತು. ಆದರೆ ಅಷ್ಟರಲ್ಲಿ ಹೊನ್ನವ್ವ ಚಹಾ ತಂದಿದ್ದಳು, ಕ್ರಾಂತಿ ಬದಿಗೆ ಸರಿಯಿತು. ಸಂಕಪ್ಪ ಲಾಠಿ ಹಿಡಿದ ಕೈಯಿಂದಲೇ ಧಾರೆ ಎರೆದು ಕೊಟ್ಟ. ಮದುವೆಯಾದ ಮೇಲೆ ಚನ್ನಪ್ಪ ಕಳೆದುಕೊಂಡ ಮರ್ಯಾದೆಯನ್ನು ಮನೆಯ ಗೋಡೆಯ ಮೇಲೆ ಗಳಿಸಿಕೊಂಡ. ಪೊಲೀಸನ ಫೋಟೋ ನನ್ನ ಮನೆಯಲ್ಲಿ ಕೂಡದು ಎಂದುಬಿಟ್ಟ. ಸಂಕಪ್ಪ ತೀರಿಕೊಂಡಾಗ ರಜೆ ಸಿಗಲಿಲ್ಲ ಎಂದ. ಹೊನ್ನವ್ವ ಒಬ್ಬಳೇ ಹೋಗಿ ಮಣ್ಣು ಮಾಡಿಸಿ ಬಂದಳು, ಬರುವಾಗ ಅಪ್ಪನ ಫೋಟೋ ತಂದು ಸೂಟ್‌ಕೇಸಿನ ತಳದಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟಳು. ರಜೆ ಕೇಳಿದ್ದರೆ ಸಿಗುತ್ತಿತ್ತು ಎಂಬುದು ಅವಳಿಗೆ ಅರ್ಬಾಬರ ಹೆಂಡತಿ ಆಫಿಯಾಳಿಂದ ತಿಳಿದಿತ್ತು. ಅವಳು ಅದನ್ನು ಎಂದೂ ಎತ್ತಲಿಲ್ಲ.

ಈ ವರ್ಷ ಚನ್ನಪ್ಪನಿಗೆ ಅರವತ್ತು ತುಂಬಿತು. ಕಂಪನಿಯ ಲೆಕ್ಕದಲ್ಲಿ ಅರವತ್ತು ಎಂದರೆ ಖಲಾಸ್. ವೀಸಾ ನವೆಂಬರಿಗೆ ಮುಗಿಯುತ್ತಿತ್ತು, ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಹನ್ನೆರಡನೆಯ ಕ್ಲಾಸಿನ ನಡುವೆ ಇದ್ದಳು. ಅವಳನ್ನು ಅರ್ಧಕ್ಕೇ ಶಾಲೆ ಬಿಡಿಸಿ ಗದಗಿಗೆ ಕರೆದೊಯ್ಯುವುದು ಹೇಗೆ ಎಂದು ಗಂಡ ಹೆಂಡತಿ ತಲೆ ಮೇಲೆ ಕೈ ಹೊತ್ತಿದ್ದರು. ಆಗಲೇ ಅರ್ಬಾಬರಿಗೆ ರಷ್ಯಾದ ಗೋಧಿ ತರಿಸುವ ಯೋಚನೆ ಬಂದದ್ದು. ಮಾಸ್ಕೋದಿಂದ ಗ್ಲೇಬ್ ಎಂಬ ವ್ಯಾಪಾರಿ ಬರುತ್ತಾನೆ, ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನೀನು ದುಭಾಷಿಯಾಗಿ ನಿಂತು ಈ ವ್ಯವಹಾರ ಕುದುರಿಸಿದರೆ ಇನ್ನೆರಡು ವರ್ಷ ವೀಸಾ ನನ್ನ ಜವಾಬ್ದಾರಿ ಎಂದರು. ಚನ್ನಪ್ಪ ನೆಲದ ಮೇಲೆ ನಿಲ್ಲಲಿಲ್ಲ. ಕಡೆಗೂ ಸೋವಿಯತ್ತು ತನ್ನ ಕೈ ಹಿಡಿಯಿತು ಎಂದುಕೊಂಡ.

ಗ್ಲೇಬ್ ಬಂದದ್ದು ಮಹಾನವಮಿಯ ದಿನ ಬೆಳಿಗ್ಗೆ. ನಲವತ್ತರ ಆಸುಪಾಸಿನ ಆಳು, ಗೂಳಿ ಕುತ್ತಿಗೆ, ಅದರಲ್ಲಿ ಬಂಗಾರದ ಶಿಲುಬೆ. ಫೋನಿನ ಕವಚದ ಮೇಲೆ ಹಳೆಯ ಕಾಲದ ತ್ಸಾರ್ ದೊರೆಯ ಚಿತ್ರ. ಅಲ್ ಖುವೈರಿನ ಆಫೀಸಿನಲ್ಲಿ ಅರಬ್ಬಿ ಕಾಫಿ ಖಾವಾ ಕುಡಿಯುತ್ತ ಚನ್ನಪ್ಪ ಅವನನ್ನು ಸಂಜೆ ಊಟಕ್ಕೆ ಕರೆದ, ಮನೆಯಲ್ಲಿ ನಿಮಗೊಂದು ಆಶ್ಚರ್ಯ ಕಾದಿದೆ ಎಂದ. ಖುಷಿಯ ಭರದಲ್ಲಿ ಲೆನಿನ್ನನ ಒಂದು ಮಾತನ್ನೂ ಎತ್ತಿದ. ಗ್ಲೇಬ್ ಬಟ್ಟಲು ಕೆಳಗಿಟ್ಟ.

ಆಮೇಲೆ ಅವನು ಆಡಿದ್ದನ್ನು ಚನ್ನಪ್ಪ ಎರಡೆರಡು ಸಲ ಕೇಳಿಸಿಕೊಳ್ಳಬೇಕಾಯಿತು. ಆ ಬೋಳನ ಹೆಸರು ನನ್ನ ಮುಂದೆ ಎತ್ತಬೇಡಿ, ನಮ್ಮ ದೊಡ್ಡ ರಾಜ್ಯವನ್ನು ಹೋಳು ಮಾಡಿ ಸಿಕ್ಕಸಿಕ್ಕವರಿಗೆ ಹಂಚಿದವನು ಅವನೇ. ನೀವು ಓದಿದ ಊರನ್ನೂ ಉಕ್ರೇನಿನವರಿಗೆ ಪುಕ್ಕಟೆ ಕೊಟ್ಟವನು ಅವನು. ಚರ್ಚು ಕೆಡವಿದ, ದೊರೆಯನ್ನು ಕೊಲ್ಲಿಸಿದ. ಅವನು ಮಾಡಿದ ತಪ್ಪನ್ನು ತಿದ್ದಲು ಈಗ ನಮ್ಮ ಹುಡುಗರು ಸಾಯಬೇಕಾಗಿದೆ. ಹೀಗೆ ಸಾಗಿತು. ಇಷ್ಟು ವರ್ಷ ಪ್ರತಿ ಶುಕ್ರವಾರ ತಾನು ಯಾರ ಪರವಾಗಿ ಗೆದ್ದೆ ಎಂಬ ಪ್ರಶ್ನೆ ಚನ್ನಪ್ಪನ ತಲೆಯಲ್ಲಿ ಒಂದು ಗಳಿಗೆ ಸುಳಿದು ಹೋಯಿತು. ಅದಕ್ಕಿಂತ ಮೊದಲು ಷೋಕೇಸ್ ನೆನಪಾಯಿತು. ಬಾತ್‌ರೂಮಿಗೆ ಹೋಗಿ ಮನೆಗೆ ಫೋನು ಹಚ್ಚಿದ.

“ಹೊನ್ನಾ, ಆ ಕಬ್ಬಿಣದ ಮೂರ್ತಿ ಮೊದ್ಲು ತಗದು ಒಳಗಿಡು.”

“ಆಗಂಗಿಲ್ರಿ. ಖಂಡೇ ಪೂಜಿ ಆಗೇತಿ,” ಎಂದಳು ಹೊನ್ನವ್ವ. “ನಾಳಿ ಬನ್ನಿ ಮುಡಿಯೂತನ ಕಬ್ಬಿಣ ಕದಲಿಸಂಗಿಲ್ಲ.”

ಗದಗ ಸೀಮೆಯಲ್ಲಿ ಮಹಾನವಮಿಯೆಂದರೆ ಮನೆಯ ಕಬ್ಬಿಣಕ್ಕೆಲ್ಲ ಹಬ್ಬ. ಕುಡಗೋಲಿನಿಂದ ಹಿಡಿದು ಅಡಕೊತ್ತಿನವರೆಗೆ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಕೂರಿಸುತ್ತಾರೆ, ಆ ದಿನ ಅವಕ್ಕೆ ಕೆಲಸವಿಲ್ಲ. ಹೊನ್ನವ್ವ ಮಸ್ಕತ್ತಿಗೆ ಬಂದ ಮೇಲೂ ಇದನ್ನು ಬಿಟ್ಟವಳಲ್ಲ. ಪಾನಾ, ಸುತ್ತಿಗೆ, ಈಳಿಗೆ, ರೊಟ್ಟಿ ಹಂಚು, ಕಾರಿನ ಎರಡನೆಯ ಕೀಲಿ, ಇವುಗಳ ಜೊತೆಗೆ ಲೆನಿನ್ನನೂ ಕಬ್ಬಿಣವೇ ಆದ್ದರಿಂದ ಪ್ರತಿ ವರ್ಷ ಪೂಜೆಗೆ ಕೂರುತ್ತಿದ್ದ. ಚನ್ನಪ್ಪ ಅದನ್ನು ನೋಡಿ ನಗುತ್ತಿದ್ದ, ಫೋಟೋ ತೆಗೆದು ಹಳೆಯ ಕಾಮ್ರೇಡುಗಳಿಗೆ ಕಳಿಸುತ್ತಿದ್ದ. ಈ ಸಲ ನಗು ಬರಲಿಲ್ಲ. ಬೇಡಿಕೊಂಡ, ಗದರಿದ, ಮಗಳ ಪರೀಕ್ಷೆಯ ಹೆಸರು ಹೇಳಿದ. ಹೊನ್ನವ್ವ ಜಗ್ಗಲಿಲ್ಲ. ಬೇಕಾದರೆ ಅತಿಥಿಯನ್ನು ಬೇರೆ ಕಡೆ ಕೂರಿಸಿ ಎಂದಳು.

ಸೀಬಿನ ಬಾಡಿಗೆ ಫ್ಲ್ಯಾಟಿನಲ್ಲಿ ಬೇರೆ ಕಡೆ ಎಂಬುದು ಎಲ್ಲಿರುತ್ತದೆ? ಸಂಜೆ ಅರ್ಬಾಬ್ ಮತ್ತು ಗ್ಲೇಬ್ ಒಳಗೆ ಬಂದರೆ ಎದುರಿಗೇ ಮಣೆ. ಅದರ ಮೇಲೆ ಸುತ್ತಿಗೆಗೂ ರೊಟ್ಟಿ ಹಂಚಿಗೂ ನಡುವೆ, ಹಣೆಗೆ ಮೂರು ಪಟ್ಟೆ ವಿಭೂತಿ, ನೆತ್ತಿಗೆ ಒಂದು ಚೆಂಡುಹೂವು ಏರಿಸಿಕೊಂಡು ಲೆನಿನ್ ಕೂತಿದ್ದ. ಗ್ಲೇಬ್ ನಿಂತ. ಬಹಳ ಹೊತ್ತು ನೋಡಿದ.

“ಇವರು ಯಾರು?” ಎಂದು ಕೇಳಿದ.

ಚನ್ನಪ್ಪನಿಗೆ ಮಗಳು ಕಂಡಳು, ಅಡುಗೆಮನೆಯ ಬಾಗಿಲಲ್ಲಿ ನೀರಿನ ಗ್ಲಾಸು ಹಿಡಿದು ನಿಂತಿದ್ದಳು. ನವೆಂಬರ್ ಕಂಡಿತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

“ನಮ್ಮ ಮಾವ. ನನ್ನ ಹೆಂಡತಿಯ ತಂದೆ,” ಎಂದ ರಷ್ಯನ್ನಿನಲ್ಲಿ. “ತೀರಿಕೊಂಡಿದ್ದಾರೆ.”

ಸಂಕಪ್ಪ ಜಮಾದಾರನಿಗೆ ತಲೆ ತುಂಬ ಕೂದಲಿತ್ತು, ಗಲ್ಲಿಮೀಸೆಯಿತ್ತು, ಗಡ್ಡ ಎಂಬುದನ್ನು ಅವನು ಕಳ್ಳರ ಮುಖದಲ್ಲಲ್ಲದೆ ಬೇರೆಲ್ಲೂ ಸಹಿಸಿದವನಲ್ಲ. ಗ್ಲೇಬ್ ಗಂಭೀರವಾಗಿ ತಲೆ ಬಾಗಿಸಿದ. ಏನು ಕೆಲಸದಲ್ಲಿದ್ದರು ಎಂದು ಕೇಳಿದ. ಪೊಲೀಸ್ ಎಂದು ಚನ್ನಪ್ಪನ ಬಾಯಿಂದ ಬಂತು. ಗ್ಲೇಬನ ಮುಖ ಅರಳಿತು. ನನ್ನ ಅಪ್ಪನೂ ಅದೇ ಇಲಾಖೆ ಎಂದ. ಅರ್ಬಾಬರ ಕಡೆ ತಿರುಗಿ, ತನಗೆ ಬರುವ ಒಡಕು ಇಂಗ್ಲಿಷಿನಲ್ಲಿ, ಇವರ ಮಾವ ಪೊಲೀಸ್, ಬಹಳ ಒಳ್ಳೆಯ ಮನುಷ್ಯ ಎಂದು ಪರಿಚಯ ಮಾಡಿಸಿದ. ಕ್ರಾಂತಿಯ ಕಥೆ ಕೇಳುತ್ತ ಊಟ ಆರಿಸಿಕೊಂಡಿದ್ದ ಅರ್ಬಾಬ್ ಹಮೂದ್ ಒಮ್ಮೆ ಲೆನಿನ್ನನನ್ನು, ಒಮ್ಮೆ ಚನ್ನಪ್ಪನನ್ನು ನೋಡಿದರು. ಹೌದು, ಬಹಳ ಒಳ್ಳೆಯ ಮನುಷ್ಯ ಎಂದು ಹೇಳಿ ಊಟಕ್ಕೆ ಕೂತರು.

ಗ್ಲೇಬ್ ಪೂಜೆಗೆ ಮುಂಚೆಯೇ ಮಾಡಿಟ್ಟಿದ್ದ ಖಡಕ್ ರೊಟ್ಟಿ ಮುರಿದ, ಬದನೆಕಾಯಿ ಎಣ್ಣೆಗಾಯಿ ಬಡಿಸಿಕೊಂಡ. ಮಜ್ಜಿಗೆಯ ಗ್ಲಾಸನ್ನು ಎತ್ತಿ ಹಿಡಿದು, ರಾಜ್ಯಗಳು ನಿಂತಿರುವುದು ಇಂಥ ಪೊಲೀಸರಿಂದ ಎಂದು ಲೆನಿನ್ನನ ಕಡೆ ತಿರುಗಿ ಕುಡಿದ. ಚನ್ನಪ್ಪನೂ ಕುಡಿದ. ಬೀದಿಗಿಳಿದು ಕೂಗುವವರಿಗೆ ಲಾಠಿಯೇ ಮದ್ದು ಎಂದು ಗ್ಲೇಬ್ ಅಂದಾಗ ಚನ್ನಪ್ಪನ ಬೆನ್ನು ತಂತಾನೇ ನೆಟ್ಟಗಾಯಿತು. ನಿಮ್ಮ ಖಾರ್ಕಿವ್ ನಮ್ಮದೇ ಊರು, ಇನ್ನಷ್ಟು ದಿನ ಬಡಿದರೆ ತಾನೇ ಕೈಗೆ ಬರುತ್ತದೆ, ಆಮೇಲೆ ನಿಮ್ಮ ಹಾಸ್ಟೆಲನ್ನು ಹೊಸದಾಗಿ ಕಟ್ಟಿಸೋಣ ಎಂದು ಗ್ಲೇಬ್ ಭರವಸೆ ಕೊಟ್ಟ. ಏನು ಹೇಳುತ್ತಿದ್ದಾನೆ ಎಂದು ಅರ್ಬಾಬ್ ಹಿಂದಿಯಲ್ಲಿ ಕೇಳಿದರು. ಬದನೆಕಾಯಿ ಬಹಳ ಚೆನ್ನಾಗಿದೆಯಂತೆ ಎಂದ ಚನ್ನಪ್ಪ. ಬದನೆಕಾಯಿಯ ಬಗ್ಗೆ ಇಷ್ಟು ಮಾತೇ ಎಂದರು ಅರ್ಬಾಬ್, ಮತ್ತೆ ಕೇಳಲಿಲ್ಲ. ಏಳುವ ಮೊದಲು ಗ್ಲೇಬ್ ಕೈ ಕುಲುಕಿ ಗೋಧಿಗೆ ಒಪ್ಪಿಕೊಂಡ. ಶುಕ್ರವಾರ ಮಧ್ಯಾಹ್ನ ವಿಮಾನಕ್ಕೆ ಮುಂಚೆ ಇಲ್ಲೇ ಊಟ, ಇಲ್ಲೇ ಸಹಿ ಎಂದ.

ಲಿಫ್ಟಿನ ಹತ್ತಿರ ಅರ್ಬಾಬ್ ಒಂದು ಗಳಿಗೆ ಹಿಂದುಳಿದರು. ನಮ್ಮ ದಕ್ಷಿಣದ ದೋಫಾರಿನ ಬೆಟ್ಟಗಳಲ್ಲಿ ಸುಲ್ತಾನರ ವಿರುದ್ಧ ಕೆಂಪು ಬಾವುಟದವರ ದಂಗೆ ನಡೆದ ಕಾಲದಲ್ಲಿ ನನ್ನ ಚಿಕ್ಕಪ್ಪ ಬಂದೂಕು ಹಿಡಿದು ಅವರ ಜೊತೆಗಿದ್ದರು, ಅವರ ಜೇಬಿನಲ್ಲೂ ಇದೇ ಮನುಷ್ಯನ ಚಿತ್ರವಿತ್ತು ಎಂದರು. ಕ್ಷಮೆ ಸಿಕ್ಕಿ ಕೆಳಗಿಳಿದು ಬಂದು ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಮಕ್ಕಳಾದ ನಾವು ಕೇಳಿದರೆ, ಅದು ಬೈರೂತಿನ ಒಬ್ಬ ಡಾಕ್ಟರ್ ಎನ್ನುತ್ತಿದ್ದರು. ಇಷ್ಟು ಹೇಳಿ ನಕ್ಕು ಲಿಫ್ಟು ಹತ್ತಿದರು.

ಚನ್ನಪ್ಪ ಒಳಗೆ ಬಂದಾಗ ಹೊನ್ನವ್ವ ತಟ್ಟೆ ಎತ್ತುತ್ತಿರಲಿಲ್ಲ. ರಷ್ಯನ್ ಅವಳಿಗೆ ಬಾರದು, ಆದರೆ ಗ್ಲೇಬನ ಇಂಗ್ಲಿಷನ್ನು ಮಾಧುರಿ ಕೇಳಿಸಿಕೊಂಡಿದ್ದಳು, ಅವ್ವನಿಗೆ ಹೇಳಿದ್ದಳು. ಒಳಗಿನ ಕೋಣೆಯಲ್ಲಿ ಸೂಟ್‌ಕೇಸ್ ತೆರೆದಿತ್ತು. ಹೊನ್ನವ್ವನ ತೊಡೆಯ ಮೇಲೆ ಸಂಕಪ್ಪ ಜಮಾದಾರ ಟೊಪ್ಪಿಗೆ, ಬೆಲ್ಟು, ಗಲ್ಲಿಮೀಸೆ ಸಮೇತ ಕೂತಿದ್ದ.

“ಅಪ್ಪ ಸತ್ತಾಗ ಬರಲಿಲ್ಲ. ಹೋಗ್ಲಿ ಅಂದೆ,” ಎಂದಳು. “ಇವತ್ತ ನಿಮ್ಮ ಹೊಟ್ಟಿಪಾಡಿಗೆ ಆ ಕಬ್ಬಿಣಕ್ಕ ನಮ್ಮಪ್ಪನ ಹೆಸರು ಕೊಟ್ರಿ. ಈಗ ನಮ್ಮಪ್ಪಗ ಒಂದು ಮೊಳಿ ಕೊಡ್ರಿ.”

ಚನ್ನಪ್ಪ ಸುತ್ತಿಗೆಗೆ ಕೈ ಹಾಕಿದ. ಇವತ್ತು ಕಬ್ಬಿಣ ಮುಟ್ಟುವಂತಿಲ್ಲ, ನಾಳೆ ಎಂದಳು ಅವಳು.

ಮಸ್ಕತ್ತಿನಲ್ಲಿ ದಸರೆಗೆ ಬನ್ನಿ ಸಿಗುವುದಿಲ್ಲ ಎಂದು ಮೊದಲ ವರ್ಷ ಹೊನ್ನವ್ವ ಅತ್ತಿದ್ದುಂಟು. ಆಮೇಲೆ ಒಂದು ದಿನ ರಸ್ತೆ ಬದಿಯ ಘಾಫ್ ಮರದ ಕೆಳಗೆ ಕಾರು ನಿಲ್ಲಿಸಿದಾಗ ಎಲೆ ನೋಡಿ ಗುರುತು ಹಿಡಿದಳು, ಇದೇ ಬನ್ನಿ. ಅರಬರು ಒಂಟೆಗೆ ಮೇಯಿಸುತ್ತಿದ್ದುದು ಅವಳ ಬಂಗಾರವನ್ನೇ. ಮರುದಿನ ಬೆಳಿಗ್ಗೆ ಅಂಥದೊಂದು ಟೊಂಗೆ ತಂದಳು. ಚನ್ನಪ್ಪ ವಿಭೂತಿ ಮೆತ್ತಿದ ಸುತ್ತಿಗೆ ಎತ್ತಿ, ಕಾಂಕ್ರೀಟು ಗೋಡೆಗೆ ಮೂರ್ನಾಲ್ಕು ಮೊಳೆ ಬಾಗಿಸಿ, ಕಡೆಗೆ ಒಂದನ್ನು ಇಳಿಸಿ, ಮಾವನನ್ನು ತೂಗುಹಾಕಿದ. ಆಮೇಲೆ ಲೆನಿನ್ನನನ್ನು ಎತ್ತಿಕೊಂಡು ಸೂಟ್‌ಕೇಸಿನ ಕಡೆ ನಡೆದ. ಶುಕ್ರವಾರ ಗ್ಲೇಬ್ ಬಂದರೆ ಒಂದೇ ಮನೆಯಲ್ಲಿ ಇಬ್ಬರು ಮಾವಂದಿರನ್ನು ಹೇಗೆ ತೋರಿಸುವುದು?

ಹೊನ್ನವ್ವ ಅಡ್ಡ ಬಂದಳು. “ಷೋಕೇಸಿನ್ಯಾಗ ಅಲ್ಲೇ ಇಡ್ರಿ. ಪೆಟ್ಟಿಗ್ಯಾಗ ಬಿದ್ದಿರೂದು ಹ್ಯಾಂಗಿರ್ತದ ಅಂತ ನಮ್ಮಪ್ಪಗ ಗೊತ್ತೈತಿ.”

ಅವನು ಬಂದು ಕೇಳಿದರೆ ಏನು ಹೇಳಲಿ ಎಂದು ಚನ್ನಪ್ಪ ಕೇಳಿದ. ಅದನ್ನು ನೀವೇ ನೋಡಿಕೊಳ್ಳಿ ಎಂದು ಅವಳು ಬನ್ನಿ ಎಲೆಗಳನ್ನು ಗಂಡನ ಕೈಗೆ ಹಾಕಿದಳು. ಹಿರಿಯರಿಗೆ ಕಿರಿಯರು ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎನ್ನುವುದು ಪದ್ಧತಿ. ಚನ್ನಪ್ಪ ಫೋಟೋದ ಚೌಕಟ್ಟಿಗೆ ಎಲೆ ಸಿಕ್ಕಿಸಿದ. ಬಂಗಾರದ ಮಾತು ಬಿಟ್ಟು ತಲೆ ಬಾಗಿಸಿದ.

ಶುಕ್ರವಾರ ಗ್ಲೇಬ್ ಬಂದವನೇ ಗೋಡೆ ನೋಡಿದ. ಇವರು ಯಾರು ಎಂದ. ನಮ್ಮ ಮಾವ, ಪೊಲೀಸ್ ಎಂದ ಚನ್ನಪ್ಪ.

“ಹಾಗಾದರೆ ಅವರು?” ಗ್ಲೇಬನ ಬೆರಳು ಷೋಕೇಸಿನ ಕಡೆ ಹೋಯಿತು.

ಚನ್ನಪ್ಪ ಅರ್ಬಾಬರನ್ನು ನೋಡಿದ. ಅರ್ಬಾಬ್ ಖರ್ಜೂರದ ಬೀಜ ಬಿಡಿಸುತ್ತಿದ್ದರು. ಮಗಳು ಪುಸ್ತಕ ಮುಚ್ಚಿ ಕೂತಿದ್ದಳು.

“ಲೆನಿನ್,” ಎಂದ, ಡೀನಾ ಪೆತ್ರೋವ್ನಾ ಕಲಿಸಿದ ಉಚ್ಚಾರದಲ್ಲಿ. “ನನಗೆ ಭಾಷೆ ಕಲಿಸಿದ ಖಾರ್ಕಿವ್‌ನ ಮುದುಕಿ ಕೊಟ್ಟದ್ದು.”

“ಗೊತ್ತು,” ಎಂದ ಗ್ಲೇಬ್, ನಗುತ್ತ. “ಅವತ್ತೇ ಗೊತ್ತಿತ್ತು. ರಷ್ಯಾದಲ್ಲಿ ಹುಟ್ಟಿದವನಿಗೆ ಈ ಮುಖ ಗೊತ್ತಾಗದೆ ಇರುತ್ತದೆಯೇ? ನೀವು ಏನು ಹೇಳುತ್ತೀರಿ ನೋಡೋಣ ಅಂತ ಕೇಳಿದೆ. ಹೆದರಿಕೊಂಡು ಸುಳ್ಳು ಹೇಳುವವನ ಜೊತೆ ಕೆಲಸ ಸಲೀಸು. ನಮ್ಮ ಕಡೆ ಎಲ್ಲಾ ಹಾಗೇ ನಡೆಯುತ್ತದೆ.”

ಚನ್ನಪ್ಪನಿಗೆ ಈಗ ಅರ್ಥವಾಯಿತು. ಅವತ್ತಿನ ಮಜ್ಜಿಗೆ, ಪೊಲೀಸರ ಹೊಗಳಿಕೆ, ಲಾಠಿಯ ಮಾತು, ಎಲ್ಲವೂ ತನ್ನನ್ನು ಕುಣಿಸಿ ನೋಡಿದ ಆಟ. ಅವನಿಗೆ ಸುಳ್ಳು ಬೇಕಾಗಿರಲಿಲ್ಲ, ಹೆದರಿಕೆ ಬೇಕಾಗಿತ್ತು. ಅದನ್ನು ತಾನು ರೊಟ್ಟಿ, ಎಣ್ಣೆಗಾಯಿಯ ಜೊತೆ ತಟ್ಟೆಯಲ್ಲಿಟ್ಟು ಬಡಿಸಿದ್ದ. ಏನು ಹೇಳುತ್ತಿದ್ದಾನೆ ಎಂದು ಅರ್ಬಾಬ್ ಕೇಳಿದರು. ಚನ್ನಪ್ಪ ಈ ಸಲ ಒಂದು ಮಾತೂ ಬಿಡದೆ ಹೇಳಿದ, ಅವತ್ತು ನುಂಗಿದ್ದ ಖಾರ್ಕಿವ್‌ನ ಮಾತನ್ನೂ ಸೇರಿಸಿದ. ಬದನೆಕಾಯಿಯ ಸುದ್ದಿ ಬರಲಿಲ್ಲ.

ಅರ್ಬಾಬ್ ಪೂರ್ತಿ ಕೇಳಿದರು, ಕೈ ಒರೆಸಿಕೊಂಡರು, ಸಹಿ ಮಾಡಿದರು. ಗ್ಲೇಬನೂ ಮಾಡಿದ. ಗೋಧಿಗೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಮಾತುಕತೆಗೆ ಬೇರೆ ದುಭಾಷಿ ಇರಲಿ ಎಂದು ಮಾತ್ರ ಗ್ಲೇಬ್ ಅಂದ, ಅರ್ಬಾಬ್ ಆಗಲಿ ಎಂದರು. ಬಾಗಿಲಲ್ಲಿ ಚನ್ನಪ್ಪನ ಹೆಗಲು ತಟ್ಟಿ, ಎರಡು ವರ್ಷ ಇನ್ನು ಕಷ್ಟ, ಮಗಳ ಪರೀಕ್ಷೆ ಮುಗಿಯುವವರೆಗೆ ವೀಸಾ ಕೊಡಿಸುತ್ತೇನೆ, ಆಮೇಲೆ ಖಲಾಸ್ ಎಂದರು. ಹೊನ್ನವ್ವನಿಗೆ ಹೇಳಿದರೆ, ಅಷ್ಟು ಸಾಕು ಎಂದು ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಲು ಕೂತಳು.

ಸಂಜೆ ಎಂದಿನಂತೆ ಬಸವಕುಮಾರ ಬಂದ. ಗೋಡೆಯ ಮೇಲಿನ ಜಮಾದಾರನನ್ನು ನೋಡಿ ಹುಬ್ಬೇರಿಸಿದ, ಚನ್ನಪ್ಪ ಲಾಠಿಯ ಕಥೆಯನ್ನು ತಾನೇ ಹೇಳಿದ. ನಕ್ಕು ಮುಗಿದ ಮೇಲೆ ಬಸವಕುಮಾರ ರೂಢಿಯಂತೆ ರಷ್ಯಾದ ವಿಷಯ ತೆಗೆದ. ಚನ್ನಪ್ಪ ತಟ್ಟೆ ಸರಿಸಲಿಲ್ಲ. ಫೋನು ತೆಗೆದು, ಹಳೆಯ ವಿಡಿಯೋ ಹುಡುಕಿ, ಅವನ ಮುಂದೆ ಹಿಡಿದ. ಇದು ನನ್ನ ಹಾಸ್ಟೆಲ್ಲು, ಮೂರನೇ ಮಹಡಿ ಎಡಗಡೆ ನನ್ನ ರೂಮು ಎಂದ. ಬೆರಳಿಟ್ಟು ಆ ಕಿಟಕಿ ತೋರಿಸಿದ. ಅಡುಗೆಮನೆಯಲ್ಲಿ ಹೊನ್ನವ್ವನ ಸೌಟು ನಿಂತಿತು. ಬಸವಕುಮಾರ ಕೆಣಕಲು ಬಂದವನು, ಅದನ್ನು ಮರೆತು ಮೆಲ್ಲಗೆ ಕೇಳಿದ.

“ಯಾರು ಕೆಡವಿದ್ರು ಸರ್ ಇದನ್ನ?”

“ರಷ್ಯಾದವರು,” ಎಂದ ರಷ್ಯಾ ಚನ್ನಪ್ಪ.